ಮೊದಲ ಎಂಟಿಬಿ ಮತ್ತು ಐದು ಡಾಲರಿನ ಗುಜರಿ ಸೈಕಲ್ಲು

ಮೌಂಟನ್ ಬೈಕು ಅಂದ ಕೂಡಲೇ ಬುಲೆಟ್ಟೋ ಪಲ್ಸರ್ರೋ ಅಂದುಕೊಂಡು ಯಾರಾದರೂ ಇಲ್ಲಿಗೆ ಬಂದಿದ್ದರೆ ಮೊದಲೇ ಹೇಳಿಬಿಡ್ತೀನಿ, ಇದು ಸೈಕಲ್ಲಿನ ವಿಷಯ. ನಮ್ಮಲ್ಲಿ ಬೈಕ್ ಅನ್ನಿಸಿಕೊಳ್ಳಬೇಕಾದರೆ ಪೆಟ್ರೋಲ್ ಕುಡಿಯಲೇಬೇಕಲ್ಲ :-) ಗೊಂದಲ ಬೇಡ, ಅಂಗಡಿಯವರು ಕರೆಯುವ ಹಾಗೆ ಎಂಟಿಬಿ ಅಂತಲೇ ಇಟ್ಟುಕೊಳ್ಳೋಣ.

ಮೊದಲ ಸಲ ಎಂಟಿಬಿ ಕೊಳ್ಳಲು ಹೊರಟವರಿಗೆ ಅಂಗಡಿಯಲ್ಲಿ ಸೈಕಲ್ಲಿಗಿಂತ ಮುಂಚೆ ಎದುರಾಗೋದು ಪದಗಳ ರಾಶಿ. ಚಕ್ರ 27.5 ಬೇಕಾ, 29 ಬೇಕಾ? ಡಿಸ್ಕ್ ಬ್ರೇಕಾ? ಮೂರೇಳಲ ಇಪ್ಪತ್ತೊಂದು ಗೇರಾ? ಮುಂದೆ ಮಾತ್ರ ಶಾಕಪ್ಪಾ, ಹಿಂದೆಯೂ ಬೇಕಾ? ನಮ್ಮ ಹಳೇ ಕಾಲದ ಸೈಕಲ್ಲಿಗೆ ಕೇಳುತ್ತಿದ್ದ ಪ್ರಶ್ನೆ ಒಂದೇ, "ಡೈನಮೋ ಹಾಕಬೇಕಾ?" ಅಂತ. ಈಗ ಮೂವತ್ತು ನಲವತ್ತು ಸಾವಿರ ಕೊಟ್ಟು ತಂದ ಸೈಕಲ್ಲು ಮೂರೇ ತಿಂಗಳಲ್ಲಿ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಸೇರಿ, ಟೈರಿನ ಗಾಳಿ ಇಳಿದು, ಸೀಟಿನ ಮೇಲೆ ಧೂಳು ಕೂತು ನಿಂತಿರೋದನ್ನ ಬೆಂಗಳೂರಿನಲ್ಲಿ ಯಾರು ಬೇಕಾದರೂ ನೋಡಬಹುದು. ಹಾಗೆ ನಿಂತ ಸೈಕಲ್ಲುಗಳಲ್ಲಿ ಬಹಳಷ್ಟು ಕೆಟ್ಟ ಸೈಕಲ್ಲುಗಳಲ್ಲ. ಕೊಂಡವರಿಗೆ ಇಲ್ಲದ ಯಾವುದೋ ಕಷ್ಟಕ್ಕೆಂದು ಮಾಡಿದವು, ಅಷ್ಟೆ.

ಈ ಪದಗಳ ಬೆನ್ನು ಹತ್ತಿ ಹೋದರೆ ಹೆಚ್ಚಿನವು ಕೊನೆಗೆ ಹೋಗಿ ನಿಲ್ಲೋದು ಕ್ಯಾಲಿಫೋರ್ನಿಯಾದ ಒಂದು ಗುಡ್ಡದ ಇಳಿಜಾರಿನಲ್ಲಿ. ಒಂದೊಂದು ಬಿಡಿಭಾಗವೂ ಯಾರಿಗೋ ಎದುರಾದ ತಾಪತ್ರಯಕ್ಕೆ ಸಿಕ್ಕ ಉತ್ತರ. ಆ ತಾಪತ್ರಯ ನಮಗೂ ಇದೆಯಾ ಅಂತ ನೋಡಿಕೊಂಡರೆ ಅರ್ಧ ಆಯ್ಕೆ ಮುಗಿದ ಹಾಗೆ. ಅದಕ್ಕೇ ಈ ಕಥೆ.

ಹಾಗಂತ ಗುಡ್ಡ ಬೆಟ್ಟದಲ್ಲಿ ಸೈಕಲ್ ತುಳಿದವರಲ್ಲಿ ಕ್ಯಾಲಿಫೋರ್ನಿಯಾದವರೇ ಮೊದಲಿಗರೇನಲ್ಲ. 1897ರಲ್ಲಿ ಅಮೆರಿಕ ಸೇನೆಯ 25ನೇ ಪದಾತಿದಳದ ಕಪ್ಪು ಸೈನಿಕರ ತುಕಡಿಯೊಂದು ಮೊಂಟಾನಾದಿಂದ ಸೇಂಟ್ ಲೂಯಿಸ್ ತನಕ ಸುಮಾರು 1900 ಮೈಲಿ ಸೈಕಲ್ ತುಳಿದಿತ್ತು. 1953ರಲ್ಲಿ ಜಾನ್ ಫಿನ್ಲೆ ಸ್ಕಾಟ್ ಅನ್ನುವವರು ಶ್ವಿನ್ ಸೈಕಲ್ಲಿಗೆ ದಪ್ಪ ಟೈರು, ಗೇರು, ನೇರ ಹ್ಯಾಂಡಲ್ ಹಾಕಿಕೊಂಡು ಕಾಡು ಸುತ್ತಿದ್ದರು. ಅಷ್ಟೇಕೆ, ಕ್ಯಾರಿಯರಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಮಲೆನಾಡಿನ ಕೊರಕಲು ದಾರಿಯಲ್ಲಿ ಅಟ್ಲಾಸ್ ಓಡಿಸಿದವರನ್ನೂ ಈ ಪಟ್ಟಿಗೆ ಸೇರಿಸಬೇಕು ಅನ್ನೋದು ನನ್ನ ವಾದ. ಆದರೆ ಇವತ್ತು ಅಂಗಡಿಯಲ್ಲಿ ಸಿಗುವ ಎಂಟಿಬಿ ಇವರಿಂದ ಹುಟ್ಟಲಿಲ್ಲ. ಅದರ ವಂಶವೃಕ್ಷ ಶುರುವಾಗೋದು 1933ರಲ್ಲಿ, ಶಿಕಾಗೋದ ಶ್ವಿನ್ ಕಂಪನಿಯಿಂದ.

ಅದು ಆರ್ಥಿಕ ಮಹಾಕುಸಿತದ ಕಾಲ. ಅಮೆರಿಕದಲ್ಲಿ ಸೈಕಲ್ ಮಾರಾಟ ನೆಲಕಚ್ಚಿತ್ತು. ಫ್ರಾಂಕ್ ಶ್ವಿನ್ 26 ಇಂಚಿನ, ಎರಡು ಇಂಚಿಗೂ ಮಿಕ್ಕಿ ದಪ್ಪದ "ಬಲೂನ್" ಟೈರಿನ ಸೈಕಲ್ಲು ತಂದರು. ಕೊಳ್ಳುವವರು ಹುಡುಗರು, ಪೇಪರ್ ಹಾಕುವವರು. ಫುಟ್‌ಪಾತ್ ಹತ್ತಿಸಿ ಇಳಿಸಿದರೂ ಮುರಿಯಬಾರದು. ಹಾಗಾಗಿ ಫ್ರೇಮು ಕಬ್ಬಿಣದ ಗುಂಡು, ಚಕ್ರದಿಂದ ಚಕ್ರಕ್ಕೆ ಅಂತರ ಉದ್ದ, ಮುಂದಿನ ಫೋರ್ಕು ಸಾಕಷ್ಟು ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ಬ್ರೇಕಿನ ಲಿವರೇ ಇಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಹಬ್ಬಿನೊಳಗಿನ ಬ್ರೇಕು ಹಿಡಿಯುತ್ತಿತ್ತು. ಎಂಟಿಬಿ ಅಂದರೆ 26 ಇಂಚು ಅಂತ ಮೂವತ್ತು ವರ್ಷ ನಾವೆಲ್ಲ ನಂಬಿಕೊಂಡಿದ್ದೆವಲ್ಲ, ಆ ಸಂಖ್ಯೆಗೂ ಬೆಟ್ಟಕ್ಕೂ ಏನೇನೂ ಸಂಬಂಧ ಇಲ್ಲ. ಅದು ಪೇಪರ್ ಹಾಕುವ ಹುಡುಗರ ಚಕ್ರದ ಅಳತೆ!

ನಲವತ್ತು ವರ್ಷ ಕಳೆಯಿತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಮರಿನ್ ಕೌಂಟಿ. ಅಲ್ಲಿ ಸುಮಾರು 780 ಮೀಟರ್ ಎತ್ತರದ ಮೌಂಟ್ ತಮಲ್ಪಾಯಿಸ್, ಸುತ್ತಮುತ್ತ ಕಾಳ್ಗಿಚ್ಚು ಆರಿಸಲೆಂದು ಕಡಿದ ಮಣ್ಣಿನ ರಸ್ತೆಗಳು. ಅಲ್ಲಿನ ಹುಡುಗರು ಗುಜರಿಯಿಂದ ಯುದ್ಧಪೂರ್ವ ಕಾಲದ ಶ್ವಿನ್‌ಗಳನ್ನು ಎತ್ತಿಕೊಂಡು ಬಂದು, ಮಡ್‌ಗಾರ್ಡು ಗಿಡ್‌ಗಾರ್ಡು ಎಲ್ಲ ಕಿತ್ತೆಸೆದು ಇಳಿಜಾರಿನಲ್ಲಿ ಬಿಡುತ್ತಿದ್ದರು. ಇಂಥ ಸೈಕಲ್ಲಿಗೆ ಅವರಿಟ್ಟ ಹೆಸರು ಕ್ಲಂಕರ್. ನಮ್ಮ ಭಾಷೆಯಲ್ಲಿ ಲಟಾರಿ ಗಾಡಿ ಅನ್ನಬಹುದೇನೋ. ರೋಡ್ ರೇಸಿನಲ್ಲಿ ಹೆಸರು ಮಾಡಿದ್ದ ಜೋ ಬ್ರೀಜ್ 1973ರಲ್ಲಿ ಒಂದು 1941ರ ಶ್ವಿನ್ ಕೊಂಡದ್ದು ಐದು ಡಾಲರಿಗೆ. ಇನ್ನೊಬ್ಬ ಗ್ಯಾರಿ ಫಿಶರ್. 1968ರಲ್ಲಿ ಉದ್ದ ಕೂದಲು ಬಿಟ್ಟಿದ್ದಕ್ಕೆ ರೇಸಿನಿಂದ ಹೊರಗೆ ಹಾಕಿಸಿಕೊಂಡಿದ್ದ ಆಸಾಮಿ. ಆ ನಿಯಮ ಹೋಗಲು 1972 ಆಗಬೇಕಾಯಿತು. ಮೂರನೆಯವ ಚಾರ್ಲಿ ಕೆಲ್ಲಿ, ಒಂದು ರಾಕ್ ಬ್ಯಾಂಡಿನ ಸಾಮಾನು ಸರಂಜಾಮು ನೋಡಿಕೊಳ್ಳುವ ಕೆಲಸದವ.

ಮುಖ್ಯ ಅಂಕ ನಡೆದದ್ದು ಫೇರ್‌ಫ್ಯಾಕ್ಸ್ ಅನ್ನುವ ಊರಿನ ಪಕ್ಕದ ಒಂದು ದಾರಿಯಲ್ಲಿ. ಸುಮಾರು ಎರಡು ಮೈಲಿ ದೂರ, 1300 ಅಡಿ ಇಳಿತ. ನಂದಿ ಬೆಟ್ಟದ ರಸ್ತೆ ಹತ್ತಿದವರಿಗೆ ಅಂದಾಜು ಸಿಗಲಿ ಅಂತ ಹೇಳ್ತೀನಿ: ಹೆಚ್ಚುಕಡಿಮೆ ಅಷ್ಟೇ ಎತ್ತರವನ್ನು ಅರ್ಧದಷ್ಟು ದೂರದಲ್ಲಿ, ಅದೂ ಜಾರುವ ಮಣ್ಣು ಕಲ್ಲಿನ ಮೇಲೆ ಇಳಿಯೋದು. ಕೆಳಗೆ ಬರುವ ಹೊತ್ತಿಗೆ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸು ಹೊಗೆಯಾಗಿ ಹೋಗಿರುತ್ತಿತ್ತು. ಮತ್ತೆ ಹಬ್ಬು ಬಿಚ್ಚಿ ಗ್ರೀಸು ತುಂಬಬೇಕು, ಅಂದರೆ "ರೀಪ್ಯಾಕ್" ಮಾಡಬೇಕು. ದಾರಿಗೇ ರೀಪ್ಯಾಕ್ ಅಂತ ಹೆಸರು ಬಿತ್ತು. 1976ರ ಅಕ್ಟೋಬರ್ 21ರಂದು ಕೆಲ್ಲಿ ಅಲ್ಲಿ ಮೊದಲ ರೇಸು ಇಟ್ಟ. ಗೆದ್ದದ್ದು ಅಲನ್ ಬಾಂಡ್ಸ್. ಕಾರಣ ಬಹಳ ಸರಳ: ಬೀಳದೆ ಕೆಳಗೆ ತಲುಪಿದವನು ಅವನೊಬ್ಬನೇ! ಮುಂದೆ ಫಿಶರ್ 4 ನಿಮಿಷ 22 ಸೆಕೆಂಡಿನಲ್ಲಿ ಇಳಿದ. ಗಂಟೆಗೆ ಸುಮಾರು 40 ಕಿಲೋಮೀಟರ್ ಸರಾಸರಿ ವೇಗ. ಆ ದಾಖಲೆ ಹಾಗೇ ಉಳಿಯಿತು.

ಈಗ ಬ್ರೇಕಿನ ಪ್ರಶ್ನೆಗೆ ಉತ್ತರ ಗೊತ್ತಾಯ್ತಲ್ಲ? ಈ ಜನ ಮೊದಲು ತಲೆ ಕೆಡಿಸಿಕೊಂಡದ್ದೇ ನಿಲ್ಲಿಸುವುದು ಹೇಗೆ ಅಂತ. ಮೊದಲು ಡ್ರಮ್ ಬ್ರೇಕು, ಆಮೇಲೆ ರಿಮ್ಮನ್ನು ಹಿಡಿಯುವ ಕ್ಯಾಂಟಿಲಿವರ್ ಬ್ರೇಕಿಗೆ ಮೋಟಾರ್ ಸೈಕಲ್ಲಿನ ಲಿವರು. 1996ರಲ್ಲಿ ಶಿಮಾನೋ ಕಂಪನಿಯ ವಿ-ಬ್ರೇಕ್, ನಂತರ ಡಿಸ್ಕ್. ರಿಮ್ಮಿಗೆ ಕೆಸರು ನೀರು ಮೆತ್ತಿಕೊಂಡರೆ ಬ್ರೇಕು ಹಿಡಿಯೋದಿಲ್ಲ, ಡಿಸ್ಕ್ ಚಕ್ರದ ನಡುವೆ ಮೇಲೆಲ್ಲೋ ಇರುವುದರಿಂದ ಆ ಕಾಟ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೆಂಪು ಕೆಸರಿನಲ್ಲಿ ಓಡಾಡುವ ನಮಗೆ ಡಿಸ್ಕ್ ಶೋಕಿಯಲ್ಲ. ಎಣ್ಣೆಯ ಒತ್ತಡದಲ್ಲಿ ನಡೆಯುವುದೇ ಬೇಕೆಂದಿಲ್ಲ, ವೈರಿನಲ್ಲಿ ಎಳೆಯುವ ಡಿಸ್ಕಾದರೂ ಮೊದಲ ಸೈಕಲ್ಲಿಗೆ ಧಾರಾಳ ಸಾಕು, ಮನೆಯಲ್ಲೇ ಬಿಗಿ ಮಾಡಿಕೊಳ್ಳಬಹುದು.

ಇಳಿಯೋದೇನೋ ಸರಿ, ಹತ್ತೋದು? ಒಂದೇ ಗೇರಿನ ಇಪ್ಪತ್ತು ಕೆಜಿ ಮೀರಿದ ಗಾಡಿಯನ್ನು ತಳ್ಳಿಕೊಂಡೋ ಪಿಕಪ್ ಟ್ರಕ್ಕಿನಲ್ಲಿ ಹಾಕಿಕೊಂಡೋ ಮೇಲೆ ಹೋಗುತ್ತಿದ್ದರು. 1974ರ ಡಿಸೆಂಬರ್‌ನಲ್ಲಿ ಮರಿನ್‌ನ ಮಿಲ್ ವ್ಯಾಲಿಯಲ್ಲಿ ಒಂದು ಸೈಕ್ಲೋಕ್ರಾಸ್ ರೇಸು ನಡೆಯಿತು. ದಕ್ಷಿಣದ ಕುಪರ್ಟಿನೋದಿಂದ ಮೂವರು ಅಲ್ಲಿಗೆ ಬಂದರು. ಹೌದು, ಇವತ್ತು ಆಪಲ್ ಕಂಪನಿ ಇರುವ, ನಮ್ಮ ಕನ್ನಡದವರು ಮೂಲೆ ಮೂಲೆಯಲ್ಲಿ ಸಿಗುವ ಅದೇ ಕುಪರ್ಟಿನೋ. ಮಾರೋ ಡರ್ಟ್ ಕ್ಲಬ್ ಅಂತ ಅವರ ಗುಂಪು. ಅವರಲ್ಲಿ ರಸ್ ಮಹೊನ್ ಅನ್ನುವವರು ಹಳೇ ದಪ್ಪ ಟೈರಿನ ಸೈಕಲ್ಲಿಗೆ ಚೈನು ಬದಲಿಸುವ ಗೇರು ಕೂರಿಸಿದ್ದರು. ಮರಿನ್ ಹುಡುಗರು ಕಣ್ಣರಳಿಸಿ ನೋಡಿದರು. ಕೆಲವೇ ಕಾಲದಲ್ಲಿ ಫಿಶರ್‌ನ ಕ್ಲಂಕರಿಗೂ ಗೇರು ಬಂತು. ಕುಪರ್ಟಿನೋದವರು ಅದೇಕೋ ತೆರೆಮರೆಗೆ ಸರಿದರು. ಇತಿಹಾಸದಲ್ಲಿ ಹೆಸರು ಉಳಿಯೋದು ಮೊದಲು ಮಾಡಿದವರಿಗಿಂತ ಹೆಚ್ಚಾಗಿ ಫೋಟೋ ತೆಗೆಸಿಕೊಂಡವರದ್ದು ಅಂತ ಕಾಣುತ್ತೆ.

ಫೋಟೋ ಅಂದಾಗ ವೆಂಡಿ ಕ್ರ್ಯಾಗ್ ಬಗ್ಗೆ ಹೇಳಲೇಬೇಕು. ಮರಿನ್‌ನ ಈ ದಿನಗಳ ಚಿತ್ರಗಳು ನಮಗೆ ಸಿಕ್ಕಿರೋದು ಹೆಚ್ಚಾಗಿ ಇವರ ಕ್ಯಾಮೆರಾದಿಂದ. ಆದರೆ ನನಗೆ ಇವರು ಮುಖ್ಯ ಅನ್ನಿಸೋದು ಬೇರೆ ಕಾರಣಕ್ಕೆ. ಆ ಗುಂಪಿನ ಗಂಡಸರಲ್ಲಿ ಹಲವರು ಮೊದಲೇ ರೇಸಿನಲ್ಲಿ ಪಳಗಿದವರು. ವೆಂಡಿ ಹಾಗಲ್ಲ, ನಮ್ಮ ನಿಮ್ಮ ಥರ ಹೊಸಬರು. ಅವರಿಗೆ ಮೊದಲು ಸಿಕ್ಕ ಸೈಕಲ್ಲಿನ ತೂಕವೇ ಇಪ್ಪತ್ತು ಕೆಜಿಗಿಂತ ಜಾಸ್ತಿ. ಮೊದಲ ದಿನವೇ ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು. ಅಲ್ಲಿಗೇ ಬಿಟ್ಟಿದ್ದರೆ ಅವರ ಸೈಕಲ್ಲೂ ಯಾವುದೋ ಶೆಡ್ಡಿನಲ್ಲಿ ಧೂಳು ತಿನ್ನುತ್ತಿತ್ತು. ಬಿಡಲಿಲ್ಲ. ರೀಪ್ಯಾಕಿನಲ್ಲಿ ಹೆಂಗಸರ ದಾಖಲೆ ಅವರದ್ದೇ, 5 ನಿಮಿಷ 27 ಸೆಕೆಂಡು. ಹೊಸಬರಿಗೆ ಸೈಕಲ್ ಆರಿಸಿಕೊಡುವ ಅನುಭವಸ್ಥರು ಮರೆಯುವ ವಿಷಯ ಇದು: ಪಳಗಿದ ಕಾಲಿಗೆ ಮೂರು ನಾಲ್ಕು ಕೆಜಿ ಹೆಚ್ಚಾದರೆ ಗೊತ್ತಾಗೋದಿಲ್ಲ, ಹೊಸ ಕಾಲಿಗೆ ಮೊದಲ ಏರಿನಲ್ಲೇ ಗೊತ್ತಾಗುತ್ತೆ.

ಗುಜರಿ ಫ್ರೇಮುಗಳು ಎಷ್ಟು ದಿನ ಅಂತ ಬಾಳಿಯಾವು? ಮುರಿಯತೊಡಗಿದವು. ಹಳೇ ಶ್ವಿನ್ ಸಿಗೋದೂ ಕಷ್ಟವಾಯ್ತು. 1977ರಲ್ಲಿ ಜೋ ಬ್ರೀಜ್ ಕ್ರೋಮೊಲಿ ಉಕ್ಕಿನ ಕೊಳವೆಗಳಿಂದ ಬೆಟ್ಟಕ್ಕೆಂದೇ ಹೊಸ ಫ್ರೇಮು ಬೆಸೆದ. ಅಳತೆ ಎಲ್ಲಿಂದ ತಂದ ಗೊತ್ತಾ? ಅದೇ ಹಳೇ ಶ್ವಿನ್ ಎಕ್ಸೆಲ್ಸಿಯರ್‌ನಿಂದ! ಮುಂದಿನ ಫೋರ್ಕಿನ ಕೋನ ಸುಮಾರು 68 ಡಿಗ್ರಿ. ರೋಡ್ ಸೈಕಲ್ಲಿನಲ್ಲಿ ಅದು 73ರ ಆಸುಪಾಸು, ಅಂದರೆ ಹೆಚ್ಚು ನೆಟ್ಟಗೆ. ಕೋನ ಕಡಿಮೆಯಾದಷ್ಟೂ ಮುಂದಿನ ಚಕ್ರ ನಮ್ಮಿಂದ ದೂರ ಹೋಗುತ್ತೆ, ಇಳಿಜಾರಿನಲ್ಲಿ ಹ್ಯಾಂಡಲ್ ದಾಟಿ ತಲೆಕೆಳಗಾಗುವ ಭಯ ಕಡಿಮೆ. ಬ್ರೀಜ್ ಅಂಥವು ಒಟ್ಟು ಹತ್ತು ಮಾಡಿದ. ಮೊದಲನೆಯದು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ.

1979ರಲ್ಲಿ ಫಿಶರ್ ಮತ್ತು ಕೆಲ್ಲಿ ಸೇರಿ, ಟಾಮ್ ರಿಚಿ ಎಂಬ ಕುಶಲಿಗ ಮಾಡಿಕೊಟ್ಟ ಫ್ರೇಮುಗಳಿಗೆ ಬಿಡಿಭಾಗ ಜೋಡಿಸಿ ಮಾರತೊಡಗಿದರು. ಕಂಪನಿಯ ಹೆಸರು ಮೌಂಟನ್‌ಬೈಕ್ಸ್. ಆ ಹೆಸರನ್ನು ತಮ್ಮ ಸ್ವತ್ತಾಗಿ ಉಳಿಸಿಕೊಳ್ಳಲು ಅವರಿಗೆ ಆಗಲಿಲ್ಲ, ಅದು ಜಗತ್ತಿನ ಹೆಸರಾಯಿತು. ಬೆಲೆ ಸುಮಾರು 1300 ಡಾಲರು. ಐದು ಡಾಲರಿನಿಂದ 1300ಕ್ಕೆ, ಆರೇ ವರ್ಷದಲ್ಲಿ! ಆಮೇಲೆ ಸ್ಪೆಷಲೈಜ್ಡ್ ಕಂಪನಿಯ ಮೈಕ್ ಸಿನ್ಯಾರ್ಡ್ 1981ರಲ್ಲಿ ಜಪಾನಿನಲ್ಲಿ ಮಾಡಿಸಿ ಸ್ಟಂಪ್‌ಜಂಪರ್ ಅನ್ನುವುದನ್ನು 750 ಡಾಲರಿಗೆ ತಂದರು. ಗೊತ್ತಿರುವ ಯಾರನ್ನೂ ಹಿಡಿಯದೆ, ಸೀದಾ ಅಂಗಡಿಗೆ ಹೋಗಿ ಎಂಟಿಬಿ ಕೊಳ್ಳುವ "ಹೊಸಬರು" ಅನ್ನುವ ಜಾತಿ ಹುಟ್ಟಿದ್ದೇ ಇಲ್ಲಿಂದ. 1982ರಲ್ಲಿ ಶಿಮಾನೋ ಬೆಟ್ಟಕ್ಕೆಂದೇ ಡಿಯೋರೆ ಎಕ್ಸ್‌ಟಿ ಬಿಡಿಭಾಗಗಳನ್ನು ತಂದಿತು. ಮುಂದಿನದು ವ್ಯಾಪಾರದ ಕಥೆ.

ಇಲ್ಲಿ ಒಂದು ವಿಷಯ ಗಮನಿಸಿದಿರಾ? 1981ರ ತನಕ ಬಂದರೂ ಶಾಕಪ್ಪಿನ ಸುದ್ದಿಯೇ ಬಂದಿಲ್ಲ. ದಪ್ಪ ಟೈರು ಬಂತು, ಬ್ರೇಕು ಬಂತು, ಗೇರು ಬಂತು, ಫ್ರೇಮು ಬಂತು. ರೀಪ್ಯಾಕ್ ಇಳಿದವರೆಲ್ಲ ಇಳಿದದ್ದು ಗಟ್ಟಿ ಫೋರ್ಕಿನ ಮೇಲೆ. ಮೋಟೋಕ್ರಾಸಿನ ಹಿನ್ನೆಲೆಯ ಪಾಲ್ ಟರ್ನರ್ ರಾಕ್‌ಶಾಕ್ಸ್ ಫೋರ್ಕನ್ನು ಮಾರುಕಟ್ಟೆಗೆ ತಂದದ್ದು 1989ರಲ್ಲಿ, ಅಂದರೆ ಮೊದಲ ರೀಪ್ಯಾಕ್ ರೇಸಾಗಿ 13 ವರ್ಷದ ಮೇಲೆ. ಅದೂ ಎರಡು ಇಂಚಿಗಿಂತ ಕಡಿಮೆ ಕುಗ್ಗುತ್ತಿತ್ತು. 1990ರಲ್ಲಿ ಕೊಲರಾಡೋದ ಡುರಾಂಗೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನ ಇಳಿಜಾರು ಸ್ಪರ್ಧೆಯನ್ನು ಗ್ರೆಗ್ ಹರ್ಬೋಲ್ಡ್ ಆ ಫೋರ್ಕಿನೊಂದಿಗೆ ಗೆದ್ದ ಮೇಲೆ ಎಲ್ಲರಿಗೂ ಅದು ಬೇಕಾಯಿತು. ಬೇಕಾದ ಮೇಲೆ ಅಗ್ಗದ ನಕಲು ಬರಲೇಬೇಕಲ್ಲ.

ಹೊಸಬರ ದುಡ್ಡು ಪೋಲಾಗುವ ಜಾಗ ಇದೇ. ಒಳ್ಳೆಯ ಫೋರ್ಕಿನಲ್ಲಿ ಎರಡು ಕೆಲಸ ಇರುತ್ತೆ: ಸ್ಪ್ರಿಂಗೋ ಗಾಳಿಯೋ ಕುಗ್ಗಿ ಏಟು ತಿನ್ನೋದು, ಮತ್ತೆ ಎದ್ದು ಬರುವಾಗ ಎಣ್ಣೆ ಅದನ್ನು ನಿಧಾನ ಮಾಡೋದು. ಅಗ್ಗದ ಫೋರ್ಕಿನಲ್ಲಿ ಎರಡನೆಯದು ಇರೋದೇ ಇಲ್ಲ ಅಥವಾ ನಾಮಕಾವಸ್ತೆ. ಕುಗ್ಗಿದ ಸ್ಪ್ರಿಂಗು ನಿಮ್ಮನ್ನು ಎತ್ತಿ ಒಗೆಯುತ್ತೆ. ಮೇಲಿಂದ ಫೋರ್ಕೊಂದೇ ಎರಡೂವರೆ ಕೆಜಿ ಆಸುಪಾಸು. ಹಿಂದೆಯೂ ಸ್ಪ್ರಿಂಗಿದ್ದರೆ ಕೇಳಲೇಬೇಡಿ, ಪೆಡಲಿಗೆ ಹಾಕಿದ ಶಕ್ತಿಯಲ್ಲಿ ಒಂದು ಪಾಲು ಸೀಟನ್ನು ಉಯ್ಯಾಲೆ ಆಡಿಸುವುದಕ್ಕೇ ಹೋಗುತ್ತೆ. ಹತ್ತು ಹದಿನೈದು ಸಾವಿರಕ್ಕೆ "ಹಿಂದೆ ಮುಂದೆ ಶಾಕಪ್" ಅನ್ನುವ ಸೈಕಲ್ಲಿನಲ್ಲಿ ಆ ಶಾಕಪ್ಪಿಗೆ ಹೋದ ದುಡ್ಡು ಬ್ರೇಕಿನಿಂದ, ಟೈರಿನಿಂದ, ಫ್ರೇಮಿನಿಂದ ಕಿತ್ತುಕೊಂಡದ್ದು. ಅದೇ ದುಡ್ಡಿಗೆ ಗಟ್ಟಿ ಫೋರ್ಕಿನ ಸೈಕಲ್ಲು ಯಾವಾಗಲೂ ಮೇಲು. ಮೂವತ್ತು ಸಾವಿರ ದಾಟಿದರೆ ಮುಂದೆ ಮಾತ್ರ ಶಾಕಪ್ ಇರುವುದನ್ನು ಯೋಚಿಸಬಹುದು, ಅದೂ ಫೋರ್ಕಿನ ಮೇಲೆ ವಾಪಸಾತಿ ವೇಗ ಹೊಂದಿಸುವ ತಿರುಪು ಇದ್ದರೆ. ಹಿಂದೆಯೂ ಒಳ್ಳೆಯ ಶಾಕಪ್ ಬೇಕಂದರೆ ಲಕ್ಷದ ಮಾತು, ಮೊದಲ ಸೈಕಲ್ಲಿಗೆ ಬಿಟ್ಟುಬಿಡಿ.

ಗೇರಿನದ್ದೂ ಹೀಗೇ ಒಂದು ತಮಾಷೆ. ಮುಂದೆ ಮೂರು, ಹಿಂದೆ ಏಳು, ಗುಣಿಸಿದರೆ 21. ಸಂಖ್ಯೆ ದೊಡ್ಡದಿದ್ದರೆ ಸೈಕಲ್ಲು ದೊಡ್ಡದು ಅಂತ ನಾವು ತಿಳಿದಿದ್ದೇವೆ. ಆದರೆ ಆ 21ರಲ್ಲಿ ಎಷ್ಟೋ ಜೋಡಿಗಳು ಒಂದೇ ಭಾರದವು. 2012ರಲ್ಲಿ ಸ್ರ್ಯಾಮ್ ಕಂಪನಿ ಮುಂದೆ ಒಂದೇ ಹಲ್ಲುಚಕ್ರ, ಹಿಂದೆ 11 ಇರುವ ಗೇರು ತಂದ ಮೇಲೆ ದುಬಾರಿ ಎಂಟಿಬಿಗಳಲ್ಲಿ ಮುಂದಿನ ಮೂರು ಮಾಯವಾದವು. ಈಗ ಲಕ್ಷಗಟ್ಟಲೆ ಬೆಲೆಯ ಸೈಕಲ್ಲಿನಲ್ಲಿ ಇರೋದು 12 ಗೇರು! ಹೊಸಬರು ಕೇಳಬೇಕಾದದ್ದು ಒಂದೇ: ಮುಂದಿನ ಅತಿ ಚಿಕ್ಕದು, ಹಿಂದಿನ ಅತಿ ದೊಡ್ಡದು ಎಷ್ಟು ಹಲ್ಲಿನವು? ಹಿಂದಿನದು ಮುಂದಿನದಕ್ಕಿಂತ ದೊಡ್ಡದಿದ್ದಷ್ಟೂ ಏರು ಹಗುರ.

ಇನ್ನು ಚಕ್ರ. 26 ಇಂಚಿನ ಎಂಟಿಬಿ ರಿಮ್ಮಿನ ನಿಜವಾದ ವ್ಯಾಸ 559 ಮಿಲಿಮೀಟರು. 29 ಅನ್ನೋದು ರೋಡ್ ಸೈಕಲ್ಲಿನ 622 ಮಿಮೀ ರಿಮ್ಮಿಗೆ ದಪ್ಪ ಟೈರು ಹಾಕಿದ್ದು. 27.5 ಅನ್ನೋದು ಫ್ರಾನ್ಸಿನ ಹಳೇ ಪ್ರವಾಸಿ ಸೈಕಲ್ಲಿನ 584 ಮಿಮೀ ಅಳತೆ. ದೊಡ್ಡ ಚಕ್ರ ಗುಂಡಿ ಕಲ್ಲಿನ ಮೇಲೆ ಸಲೀಸಾಗಿ ಉರುಳುತ್ತೆ, ಚಿಕ್ಕದು ಬೇಗ ತಿರುಗುತ್ತೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕುಲ್ಹಾವಿ 29ರ ಮೇಲೆ ಚಿನ್ನ ಗೆದ್ದ, ಶುರ್ಟರ್ 27.5ರ ಮೇಲೆ ಬೆಳ್ಳಿ. ನಾಲ್ಕು ವರ್ಷದ ಮೇಲೆ ರಿಯೋದಲ್ಲಿ ಅದೇ ಶುರ್ಟರ್ 29ರ ಮೇಲೆ ಚಿನ್ನ ಗೆದ್ದ. ಅಂದಹಾಗೆ ನಮ್ಮ ಅಪ್ಪಂದಿರು ತುಳಿದ, ನಾವು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದ 28 ಇಂಚಿನ ಹೀರೋ, ಅಟ್ಲಾಸ್ ಇದ್ದವಲ್ಲ, ಅವುಗಳ ರಿಮ್ಮಿನ ವ್ಯಾಸ 635 ಮಿಮೀ. ಇವತ್ತಿನ 29ಕ್ಕಿಂತ 13 ಮಿಮೀ ದೊಡ್ಡದು. ಗುಂಡಿ ಬಿದ್ದ ರಸ್ತೆಗೆ ದೊಡ್ಡ ಚಕ್ರ ಮೇಲು ಅನ್ನುವ ಸಂಶೋಧನೆ ನಮ್ಮೂರಿನ ಹಾಲಿನವರಿಗೆ ತಲುಪಿಸುವ ಅಗತ್ಯವಿರಲಿಲ್ಲ.

ಐದೂ ಕಾಲು ಅಡಿಗಿಂತ ಕಡಿಮೆ ಎತ್ತರದವರು 27.5 ನೋಡಿ, ಅದಕ್ಕಿಂತ ಎತ್ತರದವರು ಯಾವುದಾದರೂ ಸರಿ. ನಿಜವಾದ ಪ್ರಶ್ನೆ ಚಕ್ರದ್ದಲ್ಲ, ಫ್ರೇಮಿನ ಸೈಜಿನದು. ಅಂಗಡಿಯಲ್ಲಿ ಉಳಿದಿರುವ ಸೈಜನ್ನೇ "ಸೀಟು ಏರಿಸಿದರೆ ಸರಿಹೋಗುತ್ತೆ ಸಾರ್" ಅಂತ ದಾಟಿಸಲು ನೋಡುತ್ತಾರೆ. ಒಪ್ಪಬೇಡಿ. ಬಾರಿನ ಎರಡೂ ಕಡೆ ಕಾಲಿಟ್ಟು ನಿಂತಾಗ ಎರಡು ಇಂಚಾದರೂ ಅಂತರ ಇರಬೇಕು. ಸೀಟಿನ ಮೇಲೆ ಕೂತು ಕೆಳಗಿನ ಪೆಡಲ್ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರ ಆಗಬೇಕು. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ಎರಡು ಸೈಜಿನ ನಡುವೆ ಸಿಕ್ಕಿಕೊಂಡರೆ ಹೊಸಬರಿಗೆ ಚಿಕ್ಕದೇ ವಾಸಿ. ಕೋನದ ಬಗ್ಗೆಯೂ ಕೇಳಿ. ತೊಂಬತ್ತರ ದಶಕದ ರೇಸಿನವರು ಫೋರ್ಕನ್ನು 71 ಡಿಗ್ರಿ ತನಕ ನೆಟ್ಟಗೆ ಮಾಡಿಕೊಂಡಿದ್ದರು. ಈಗ ಒಳ್ಳೆಯ ಎಂಟಿಬಿಗಳಲ್ಲಿ ಮತ್ತೆ 66-68ಕ್ಕೆ ಇಳಿದಿದೆ. ಅಂದರೆ ಐದು ಡಾಲರಿನ ಗುಜರಿ ಶ್ವಿನ್‌ನ ಕೋನಕ್ಕೇ ವಾಪಸ್.

ಎಲ್ಲಿ ಓಡಿಸ್ತೀರಿ ಅನ್ನೋದನ್ನ ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಕೆರೆ ಏರಿ, ಹೊಲದ ಬದಿಯ ಮಣ್ಣುದಾರಿ, ತೋಟದ ರಸ್ತೆ ಅಂತಾದರೆ ಗಟ್ಟಿ ಫೋರ್ಕು, ಎರಡು ಇಂಚಿನ ಟೈರು, ಡಿಸ್ಕ್ ಇದ್ದರೆ ಮುಗೀತು. ಕಾಡು ಅಂತ ಮನಸ್ಸಿನಲ್ಲಿದ್ದರೆ ಮರಿನ್‌ನಲ್ಲಿ ಏನಾಯ್ತು ಅಂತಲೂ ತಿಳಿದಿರಲಿ. ಈ ಸೈಕಲ್ಲು ಹುಟ್ಟಿದ ಅದೇ ಬೆಟ್ಟದ ಕಿರುದಾರಿಗಳನ್ನು 1980ರ ದಶಕದಲ್ಲಿ ನಡೆಯುವವರ ದೂರಿನ ಮೇಲೆ ಸೈಕಲ್ಲಿಗೆ ಮುಚ್ಚಿದರು. ಮಣ್ಣಿನ ರಸ್ತೆಗಳಲ್ಲಿ ಗಂಟೆಗೆ 15 ಮೈಲಿಯ ಮಿತಿ ಹಾಕಿ, ರೇಂಜರುಗಳು ರಾಡಾರ್ ಹಿಡಿದು ನಿಂತರು. ಫಿಶರ್ ದಾಖಲೆ ಮಾಡಿದ ವೇಗ ಅದಕ್ಕಿಂತ ಒಂದೂವರೆ ಪಟ್ಟು ಹೆಚ್ಚು, ಇವತ್ತಾದರೆ ದಂಡ ಗ್ಯಾರಂಟಿ. ನಮ್ಮಲ್ಲೂ ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದ ದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ, ಚಕ್ರದ ಮಾತು ದೂರ. ಸೈಕಲ್ಲಿನ ದುಡ್ಡಿನಲ್ಲಿ ಎರಡು ಮೂರು ಸಾವಿರ ಮೊದಲೇ ತೆಗೆದಿಡಿ: ಹೆಲ್ಮೆಟ್ಟು, ಪಂಪು, ಪಂಕ್ಚರ್ ಕಿಟ್ಟು, ಒಂದು ಟ್ಯೂಬು. ಗುಡ್ಡದ ಮೇಲೆ ಪಂಕ್ಚರ್ ಅಂಗಡಿ ಇರೋದಿಲ್ಲ.